ಡಿಕ್ಕಿಯೊಳಗಿಂದ ಕಂಡ ರಾಯಚೂರು

ನಾನು ಒಂದು ಸ್ಟೆಪ್ನಿ. ಕಾರಿನ ಹಿಂದಿನ ಡಿಕ್ಕಿ ತೆರೆದು, ಅಲ್ಲಿ ತುಂಬಿರುವ ಚೀಲಗಳನ್ನೆಲ್ಲ ಎತ್ತಿಟ್ಟು, ಕಾರ್ಪೆಟ್ಟು ಸರಿಸಿ, ಅದರಡಿಯ ಹಲಗೆ ಎತ್ತಿದರೆ ಒಂದು ಗುಂಡಿ ಕಾಣುತ್ತದೆ. ಆ ಗುಂಡಿಯಲ್ಲಿ ಅಂಗಾತ ಮಲಗಿರುವವನೇ ನಾನು. ಇಷ್ಟೆಲ್ಲ ಕಷ್ಟಪಟ್ಟು ನನ್ನನ್ನು ನೋಡಲು ಯಾರಿಗೆ ಪುರುಸೊತ್ತಿದೆ? ಹಾಗಾಗಿ ನನ್ನ ಕಥೆಯನ್ನು ನಾನೇ ಹೇಳಿಕೊಳ್ಳಬೇಕಾಗಿದೆ. ನಡುನಡುವೆ ನನ್ನ ದನಿ ಏರಿದರೆ ಬೇಸರ ಮಾಡಿಕೊಳ್ಳಬೇಡಿ. ಹದಿನೈದು ವರ್ಷದ ಸಿಟ್ಟು ಒಳಗಿದೆ.

ನಾನು ಹುಟ್ಟಿದ್ದು ಒಂದು ದೊಡ್ಡ ಟೈರು ಕಾರ್ಖಾನೆಯಲ್ಲಿ. ಕಪ್ಪು ರಬ್ಬರನ್ನು ಅಚ್ಚಿನೊಳಗೆ ಹಾಕಿ, ಬೇಯಿಸಿ, ಬಿಸಿಬಿಸಿಯಾಗಿ ಹೊರಗೆ ಎಳೆದರು. ಆಗ ಮೈತುಂಬ ಸಣ್ಣ ಸಣ್ಣ ರಬ್ಬರ್ ಕೂದಲು. ಹೊಸ ಟೈರುಗಳಿಗೆಲ್ಲ ಈ ಹುಟ್ಟುಗೂದಲು ಇರುತ್ತದೆ, ರಸ್ತೆಗಿಳಿದ ಕೆಲವು ದಿನಗಳಲ್ಲಿ ಸವೆದು ಹೋಗುತ್ತದೆ. ನನ್ನ ಮೈಮೇಲೆ ಅದರಲ್ಲಿ ಮುಕ್ಕಾಲು ಪಾಲು ಇವತ್ತಿಗೂ ಇದೆ. ಮುದುಕನ ಮೈಮೇಲೆ ಹುಟ್ಟುಗೂದಲು ಎಂದರೆ ಅದು ಅಭಿಮಾನದ ಮಾತಲ್ಲ.

ಕಾರು ಕಟ್ಟುವ ಕಡೆಗೆ ನಾವು ಐವರು ಒಟ್ಟಿಗೆ ಬಂದೆವು. ಒಬ್ಬ ಕೆಲಸಗಾರ ಒಂದೊಂದಾಗಿ ಕೈಗೆ ಸಿಕ್ಕವರನ್ನು ತೆಗೆದುಕೊಂಡು ಕಾರಿಗೆ ಜೋಡಿಸಿದ. ನಾಲ್ಕು ಮುಗಿಯಿತು. ಐದನೆಯವನಾದ ನನ್ನನ್ನು ಎತ್ತಿ ಗುಂಡಿಗೆ ಹಾಕಿ, ನಡುವೆ ಒಂದು ಬೋಲ್ಟ್ ಬಿಗಿದ. ಅವನ ಕೈ ಅತ್ತಿತ್ತ ಒಂದು ಗೇಣು ಸರಿದಿದ್ದರೆ ನಾನು ಎಡಗಡೆಯ ಮುಂದಿನ ಗಾಲಿಯಾಗಿ ಊರೂರು ಸುತ್ತುತ್ತಿದ್ದೆ. ನನ್ನಲ್ಲಿ ಏನು ಕೊರತೆ ಕಂಡು ಹೀಗೆ ಮಾಡಿದ ಎಂದು ಬಹಳ ದಿನ ಯೋಚಿಸಿದೆ. ಕೊರತೆ ಏನೂ ಇರಲಿಲ್ಲ, ಅವನು ನೋಡಿಯೇ ಇರಲಿಲ್ಲ.

ಕಾರನ್ನು ಮೊದಲು ಕೊಂಡವರು ಹರಿಹರದ ಒಬ್ಬ ಹಲ್ಲಿನ ಡಾಕ್ಟರು. ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ, ನಡುವೆ ತುಂಗಭದ್ರೆಯ ಸೇತುವೆ ಕೂಡ ಇಲ್ಲ. ಮೂರು ವರ್ಷ ಡಿಕ್ಕಿ ತೆರೆದದ್ದೇ ಅಪರೂಪ. ನನ್ನ ಹಲಗೆಯನ್ನಂತೂ ಎತ್ತಲೇ ಇಲ್ಲ. ಕೊನೆಗೆ ಒಂದು ದಿನ ಹಲಗೆ ಎದ್ದಿತು, ಬೆಳಕು ಬಂತು. ಮೇಲಿನಿಂದ ಒಂದು ದಪ್ಪ ಮೀಸೆ ನನ್ನನ್ನು ನೋಡುತ್ತಿತ್ತು. ಹೆಬ್ಬೆರಳಿನಿಂದ ನನ್ನನ್ನು ಒತ್ತಿ ನೋಡಿದವರು, "ಏ, ಸ್ಟೆಪ್ನಿ ಹೊಸದೇ ಐತೆ! ಗಾಡಿ ಸರಿಯಾಗಿ ಇಟ್ಕಂಡಾರೆ" ಎಂದರು. ಕಾರು ಆವತ್ತೇ ಕೈ ಬದಲಾಯಿಸಿತು. ನನ್ನನ್ನು ನೋಡಿಯೇ ಕೊಂಡರಲ್ಲ ಎಂದು ನಾನು ಹಿಗ್ಗಿದೆ. ಆಮೇಲೆ ಅವರು ಹಲಗೆ ಮುಚ್ಚಿದರು.

ಆ ಮೀಸೆಯ ಹೆಸರು ಹಾಲಸ್ವಾಮಿ. ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿ ನಿವೃತ್ತರಾದವರು. ಕೊರಳಿನ ಸೀಟಿಯನ್ನು ಶಾಲೆಗೆ ಹಿಂದಿರುಗಿಸಿದ್ದರೂ ಬಾಯಿಂದ ಸೀಟಿ ಹೋಗಿರಲಿಲ್ಲ. ಎಲ್ಲದಕ್ಕೂ ಟೈಮ್ ಟೇಬಲ್. ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ತಮ್ಮದೇ ಮೀಟರು ಹಿಡಿದು ನಾಲ್ಕು ಗಾಲಿಗಳ ಗಾಳಿ ನೋಡುತ್ತಿದ್ದರು. ನಾಲ್ಕು ಮಾತ್ರ! ಒಮ್ಮೆ ಅವರ ಹೆಂಡತಿ ಸುವರ್ಣಮ್ಮ, "ಒಳಗಿರೋದಕ್ಕೂ ಒಂಚೂರು ನೋಡ್ರೀ" ಎಂದಾಗ ಮೇಷ್ಟ್ರು ಏನಂದರು ಗೊತ್ತೆ? "ಅದನ್ನ ಬಳಸೇ ಇಲ್ವಲ್ಲೇ. ಬಳಸದೆ ಗಾಳಿ ಎಲ್ಲಿಗೋಗುತ್ತೆ?" ಅಷ್ಟು ಮಕ್ಕಳಿಗೆ ಫುಟ್ಬಾಲು ಕಲಿಸಿದ ಮನುಷ್ಯ! ಬೀರುವಿನಲ್ಲಿಟ್ಟ ಫುಟ್ಬಾಲು ರಜೆ ಮುಗಿಯುವಷ್ಟರಲ್ಲಿ ಮೆತ್ತಗಾಗುವುದನ್ನು ವರ್ಷವರ್ಷ ಕಂಡವರು ಆಡುವ ಮಾತೇ ಇದು?

ಸುವರ್ಣಮ್ಮ ಮಾತ್ರ ಪ್ರತಿ ಆಯುಧಪೂಜೆಗೆ ಹಲಗೆ ಎತ್ತಿಸಿ ನನಗೂ ಕುಂಕುಮ ಹಚ್ಚಿ, ಒಂದು ಸೇವಂತಿಗೆ ಇಡುತ್ತಿದ್ದರು. ವರ್ಷಕ್ಕೆ ಒಂದು ಹೂವು. ಗಾಳಿ ಇಲ್ಲ, ಪೂಜೆ ಉಂಟು. ಆ ಹೂವು ಒಣಗಿ ಪುಡಿಯಾಗಿ ನನ್ನ ಮಡಿಕೆಗಳಲ್ಲಿ ಸೇರಿಕೊಂಡು ಮುಂದಿನ ಪೂಜೆಯವರೆಗೆ ಇರುತ್ತಿತ್ತು.

ನನಗೆ ಇವರ ಮುಖಗಳ ಪರಿಚಯ ಕಡಿಮೆ, ದನಿಗಳ ಪರಿಚಯ ಹೆಚ್ಚು. ಸುವರ್ಣಮ್ಮ ಯಾವಾಗಲೂ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದರು. ಅವರ ಬೆನ್ನಿಗೂ ನನಗೂ ನಡುವೆ ಒಂದು ಸೀಟು, ಒಂದು ಹಲಗೆ, ಅಷ್ಟೆ. ಆಕೆ ಒಂದು ಕಾಲದಲ್ಲಿ ದಾವಣಗೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಆಪರೇಟರ್. ಬೇರೆ ಊರಿಗೆ ಫೋನು ಮಾಡಬೇಕಾದವರು ಇವರಲ್ಲಿ ಬುಕ್ ಮಾಡಬೇಕು, ಇವರು ಆ ಊರಿನ ಆಪರೇಟರನ್ನು ಕರೆದು ಲೈನು ಕೂಡಿಸಬೇಕು. ದಾವಣಗೆರೆಯ ಹತ್ತಿ ವ್ಯಾಪಾರಿಗಳಿಗೆ ಬೆಳಗಾದರೆ ರಾಯಚೂರಿನ ಹತ್ತಿ ಧಾರಣೆ ಬೇಕು. ಹಾಗಾಗಿ ಸುವರ್ಣಮ್ಮ ಹದಿನಾಲ್ಕು ವರ್ಷ, ದಿನಕ್ಕೆ ಹತ್ತಾರು ಸಲ, ರಾಯಚೂರಿನ ಒಬ್ಬ ಆಪರೇಟರಮ್ಮನ ಜೊತೆ ಮಾತಾಡಿದರು.

ಇದನ್ನು ಅವರು ಕಾರಿನಲ್ಲಿ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ. ಲೈನು ಸಿಗುವುದಕ್ಕೆ ಕಾಯುವ ಹೊತ್ತಿನಲ್ಲಿ ಇಬ್ಬರೂ ಮನೆಮಾತು ಆಡಿದ್ದು, ಆಕೆಯ ಮಗನಿಗೆ ಕಾಮಾಲೆ ಆದಾಗ ಇವರು ಇಲ್ಲಿ ಉಪವಾಸ ಮಾಡಿದ್ದು, ಇವರಿಗೆ ಮಕ್ಕಳಾಗಲಿಲ್ಲ ಎಂದು ಆಕೆ ಅಲ್ಲಿ ಹರಕೆ ಹೊತ್ತದ್ದು, ಆಕೆಯ ನಗು. ಆ ನಗುವಿನ ಬಗ್ಗೆಯೇ ಅರ್ಧ ದಾರಿ. ಮುಖ ಮಾತ್ರ ನೋಡಿದ್ದಿಲ್ಲ. ಆಮೇಲೆ ಜನ ತಾವೇ ನಂಬರು ಒತ್ತಿ ಮಾತಾಡುವ ಕಾಲ ಬಂತು. ಒಂದು ಮಧ್ಯಾಹ್ನ ಆಕೆ, "ನಿಂದ್ರು, ಒಂದು ಕಾಲ್ ಹಾಕಿ ಬರ್ತೀನಿ" ಎಂದು ಹೋದಳಂತೆ. ಅದೇ ಕೊನೆ. ಮಾರನೆಯ ದಿನ ಬೋರ್ಡನ್ನೇ ತೆಗೆದು, ಇವರನ್ನು ಬಿಲ್ಲಿನ ವಿಭಾಗಕ್ಕೆ ಹಾಕಿದರು.

ಹೆಡ್‌ಫೋನು ಹಾಕಿ ಹಾಕಿ ಸುವರ್ಣಮ್ಮನ ಬಲಗಿವಿ ಮೊದಲೇ ಹೋಗಿತ್ತು. ನಾನು ಈ ಗುಂಡಿ ಸೇರಿದ ಹನ್ನೊಂದನೆಯ ವರ್ಷ ಕಿವಿಯ ಡಾಕ್ಟರು ಎಡಗಿವಿಯೂ ಹೆಚ್ಚು ದಿನ ಉಳಿಯುವುದಿಲ್ಲ, ಮಿಷನ್ನು ಹಾಕಿದರೂ ಅಷ್ಟಕ್ಕಷ್ಟೇ ಎಂದರಂತೆ. ಆಸ್ಪತ್ರೆಯಿಂದ ಬರುವಾಗ, ಗಾಂಧಿ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಕಾರು ನಿಂತಾಗ, "ರಾಯಚೂರಿಗೆ ಹೋಗಾಣ್ರೀ. ಕಿವಿ ಹೋಗೋದ್ರೊಳಗೆ ಅವಳ ದನಿ ಒಂದ್ಸಲ ಕೇಳ್ಬೇಕು" ಎಂದರು.

ಮೇಷ್ಟ್ರು ಇಲ್ಲ ಎನ್ನಲಿಲ್ಲ. ಒಳ್ಳೆಯ ಮನುಷ್ಯ. ಆದರೆ ಟೈಮ್ ಟೇಬಲ್ ಹಾಕಿದರು.

ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟಿದ್ದು. ಹೊರಡುವ ಮೊದಲು ನನ್ನ ಮೇಲೆ ಬಿದ್ದದ್ದೇನು ಕೇಳಿ: ಎರಡು ಸೂಟ್‌ಕೇಸು, ನೀರಿನ ಕ್ಯಾನು, ರೊಟ್ಟಿಯ ಡಬ್ಬಿ, ಮಂಡಕ್ಕಿಯ ಚೀಲ, ಒಂದು ಗ್ಯಾಸಿನ ಒಲೆ, ಆಕೆಗೆ ಕೊಡಲೆಂದು ಸುವರ್ಣಮ್ಮ ತೆಗೆದಿಟ್ಟ ಒಂದು ಇಳಕಲ್ ಸೀರೆ. ಸೀರೆಯ ಭಾರಕ್ಕೆ ನನಗೆ ಬೇಸರವಾಗಲಿಲ್ಲ. ಉಳಿದದ್ದಕ್ಕೆ ಬೈದುಕೊಂಡೆ. ಮೇಷ್ಟ್ರು ಸ್ಟೀರಿಂಗ್ ಹಿಡಿಯುವ ಮುಂಚೆ ಪಟ್ಟಿಯನ್ನು ಗಟ್ಟಿಯಾಗಿ ಓದಿದರು. ಶನಿವಾರ ಎರಡರಿಂದ ನಾಲ್ಕು, ಕೋಟೆ. ನಾಲ್ಕರಿಂದ ಐದು, ಕೋಟೆಯ ಉದ್ದಕಲ್ಲಿನ ಶಾಸನ. ಐದೂವರೆಗೆ ಕೆರೆ. ಭಾನುವಾರ ಎಂಟರಿಂದ ಹತ್ತು, ಕೃಷ್ಣಾ ನದಿ. ಹತ್ತರಿಂದ ಹತ್ತೂವರೆ, ಸ್ನೇಹಿತೆ. ಹನ್ನೊಂದಕ್ಕೆ ವಾಪಸ್.

"ಅರ್ಧ ಗಂಟೆನಾ?" ಎಂದರು ಸುವರ್ಣಮ್ಮ.

"ಗೊತ್ತಿಲ್ಲದ ಊರು ಕಣೆ. ಹೋಗಿದ್ದಕ್ಕೆ ಊರು ನೋಡಬೇಡ್ವಾ?"

ನನ್ನ ಮೈ ಉರಿದು ಹೋಯಿತು. ಆದರೆ ಬೋಲ್ಟು ಬಿಗಿಸಿಕೊಂಡು ಮಲಗಿದವನು ಏನು ಮಾಡಬಲ್ಲ?

ನಾನು ನೋಡಿದ ರಾಯಚೂರಿನ ದಾರಿಯನ್ನು ವರ್ಣಿಸುತ್ತೇನೆ. ಕತ್ತಲೆ. ಹಂಪು. ಕತ್ತಲೆ. ಗುಂಡಿ. ಗಂಗಾವತಿಯ ಹತ್ತಿರ ಭತ್ತದ ಗದ್ದೆ ಚೆನ್ನಾಗಿದೆ ಎಂದು ಮೇಷ್ಟ್ರು ಹೇಳಿದ್ದನ್ನು ಕೇಳಿದೆ. ಸಿಂಧನೂರು ದಾಟಿದ ಮೇಲೆ ಹಲಗೆ ಕಾದು ನನ್ನ ರಬ್ಬರಿನ ವಾಸನೆ ನನಗೇ ಬಂತು. ಕೋಟೆ ಎಂದರೆ ನನಗೆ ಎರಡು ಗಂಟೆ ಬಿಸಿಲಿನಲ್ಲಿ ನಿಂತ ಕಾರು. ಶಾಸನ ಎಂದರೆ ಇನ್ನೊಂದು ಗಂಟೆ. ಕೆರೆ ಎಂದರೆ ಸೊಳ್ಳೆ. ಹೊಟ್ಟೆಕಿಚ್ಚಿನ ಮಾತು ಹೇಳಿಬಿಡುತ್ತೇನೆ: ನನ್ನ ಜೊತೆ ಹುಟ್ಟಿದ ನಾಲ್ವರು ಅಷ್ಟು ಹೊತ್ತಿಗೆ ಸವೆದು, ಬೋಳಾಗಿ, ಗುಜರಿ ಸೇರಿ, ಅವರ ಜಾಗಕ್ಕೆ ಹೊಸಬರು ಬಂದಿದ್ದರು. ಸತ್ತವರು ಪುಣ್ಯವಂತರು, ನೆಲ ಮುಟ್ಟಿ ಸತ್ತರು.

ಆ ಸಂಜೆ ಸುವರ್ಣಮ್ಮ ಕೆರೆಗೂ ಇಳಿಯಲಿಲ್ಲ. ಹಿಂದಿನ ಸೀಟಿನಲ್ಲಿ ಕೂತೇ ಇದ್ದರು. ನಾವಿಬ್ಬರೂ ಆ ಊರಿಗೆ ಬಂದೂ ಅದನ್ನು ನೋಡಲಿಲ್ಲ.

ಭಾನುವಾರ ಹತ್ತಕ್ಕೆ ಸರಿಯಾಗಿ ಮೇಷ್ಟ್ರು ಕಾರು ನಿಲ್ಲಿಸಿ, "ಹೂಂ, ಈಗ ನಿನ್ನ ಸ್ನೇಹಿತೆ. ಹೆಸರು, ವಿಳಾಸ ಹೇಳು, ಫೋನಿನ ಮ್ಯಾಪಿಗೆ ಹಾಕ್ತೀನಿ" ಎಂದರು.

"ಎಕ್ಸ್‌ಚೇಂಜಿನ ಹಿಂದೆ ಕ್ವಾರ್ಟರ್ಸು. ಮುಂದೆ ಬೇವಿನ ಗಿಡ ಐತಂತೆ."

"ಹೆಸರು?"

ಹಿಂದಿನ ಸೀಟಿನಲ್ಲಿ ಬಳೆಗಳು ಸದ್ದು ಮಾಡಿದವು.

"ಹೆಸರು ಹೇಳೇ."

"ರಾಯಚೂರು."

"ಊರಲ್ಲ ಕಣೆ, ಅವಳ ಹೆಸರು!"

"ನಾವು ಹಂಗೇ ಕರೀತಿದ್ವಿ. ಅವಳು ನನ್ನ ದಾವಣಗೆರೆ ಅಂತಿದ್ಲು, ನಾನು ಅವಳ್ನ ರಾಯಚೂರು ಅಂತಿದ್ದೆ. ಸೂಪರ್‌ವೈಜರು ನಡುವೆ ಲೈನಲ್ಲಿ ಕೇಳಿಸ್ಕಂತಿದ್ರು. ಸ್ವಂತ ಹೆಸರು ತೆಗೆದ್ರೆ ಮೆಮೊ ಕೊಡ್ತಿದ್ರು. ಅದೇ ರೂಢಿ ಆಯ್ತು. ಹತ್ತು ವರ್ಷ ಆದಮೇಲೆ ನಿನ್ನ ಹೆಸರೇನು ಅಂತ ಕೇಳೋಕೆ ನಾಚಿಕೆ ಆಯ್ತು ಕಣ್ರೀ."

ಮೇಷ್ಟ್ರು ಎರಡೂ ಕೈಯಿಂದ ಸ್ಟೀರಿಂಗಿಗೆ ಬಡಿದರು. ಹಾರ್ನು ಬಾಯಿಬಿಟ್ಟಿತು. ಮುನ್ನೂರು ಕಿಲೋಮೀಟರ್ ದೂರ, ಲಕ್ಷಗಟ್ಟಲೆ ಜನರ ನಡುವೆ, ರಾಯಚೂರಿನಲ್ಲಿ ರಾಯಚೂರು ಎಂಬ ಹೆಂಗಸನ್ನು ಅರ್ಧ ಗಂಟೆಯಲ್ಲಿ ಹುಡುಕಬೇಕು. ಅವರ ಮೇಲೆ ಸಿಟ್ಟಿದ್ದ ನನಗೂ ಆ ಕ್ಷಣ ಅವರ ಪಕ್ಷವೇ ಸರಿ ಅನ್ನಿಸಿತು. ಹದಿನಾಲ್ಕು ವರ್ಷ ಮಾತಾಡಿ ಹೆಸರು ಕೇಳದವರನ್ನು ಏನೆನ್ನಬೇಕು!

ಟೆಲಿಫೋನ್ ಆಫೀಸಿಗೆ ಭಾನುವಾರದ ಬೀಗ. ಹಿಂದಿನ ಕ್ವಾರ್ಟರ್ಸಿಗೆ ಹೋದರೆ ಅಲ್ಲಿ ಕ್ವಾರ್ಟರ್ಸೇ ಇರಲಿಲ್ಲ. ಅರ್ಧ ಕೆಡವಿದ್ದರು, ಇನ್ನರ್ಧದ ಬಾಗಿಲು ಕಿಟಕಿ ಕಿತ್ತು ರಾಶಿ ಹಾಕಿದ್ದರು. ಬೇವಿನ ಗಿಡ ಒಂದಲ್ಲ, ಎಂಟು ಇದ್ದವು ಎಂದು ಮೇಷ್ಟ್ರು ಎಣಿಸಿದರು. ಸುವರ್ಣಮ್ಮ ಇಳಿದು ಒಂದೊಂದು ಗೋಡೆಯ ಮುಂದೆ ನಿಂತು ಬಂದರು. ಕೇಳೋಣವೆಂದರೆ ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಹತ್ತೂವರೆ ಆಯ್ತು" ಎಂದರು ಮೇಷ್ಟ್ರು. "ನಡಿ. ಇನ್ನೇನು ಮಾಡಾಕಾಗುತ್ತೆ?"

ಸುವರ್ಣಮ್ಮ ಹತ್ತಿ ಕೂತರು. ಬಾಗಿಲು ಹಾಕಿದ ಸದ್ದಿನಲ್ಲೇ ನನಗೆ ಆಕೆಯ ಮನಸ್ಸು ಗೊತ್ತಾಯಿತು. ಮೇಷ್ಟ್ರು ಕಾರನ್ನು ರಿವರ್ಸ್ ತೆಗೆದರು. ನನ್ನ ಎಡಕ್ಕೆ, ಕೆಳಗಿನಿಂದ, ಟಸ್ ಎಂದು ಒಂದು ಸದ್ದು, ಆಮೇಲೆ ಉದ್ದನೆಯ ಉಸಿರು. ಕಿತ್ತ ಬಾಗಿಲ ಚೌಕಟ್ಟಿನ ಮೊಳೆ, ಹಿಂದಿನ ಎಡಗಾಲಿಗೆ.

ದೇವರಾಣೆ, ನನಗೆ ಸಂತೋಷವಾಯಿತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಹನ್ನೊಂದು ವರ್ಷ ಕಾದ ಗಳಿಗೆ! ಚೀಲಗಳು ಇಳಿದವು, ಕ್ಯಾನು ಇಳಿಯಿತು, ಒಲೆ ಇಳಿಯಿತು, ಕಾರ್ಪೆಟ್ಟು ಸರಿಯಿತು, ಹಲಗೆ ಎದ್ದಿತು. ರಾಯಚೂರಿನ ಬಿಸಿಲು ನನ್ನ ಮೈಮೇಲೆ ಬಿತ್ತು. ಎಂಥ ಬಿಸಿಲು! ಮೇಷ್ಟ್ರು ಬೋಲ್ಟು ಬಿಚ್ಚಿ, ಉಸ್ಸಪ್ಪಾ ಎಂದು ನನ್ನನ್ನು ಎತ್ತಿ, ಜಾಕು ಕೊಟ್ಟ ಕಾರಿಗೆ ಜೋಡಿಸಿ, ನಾಲ್ಕು ನಟ್ಟು ಬಿಗಿದರು. ನಾನು ಉಸಿರು ಹಿಡಿದು ನಿಂತೆ. ಜಾಕು ನಿಧಾನವಾಗಿ ಇಳಿಯಿತು. ಕಾರಿನ ಭಾರ ನನ್ನ ಮೇಲೆ ಬಂತು.

ನಾನು ಕುಸಿದೆ. ಒಲೆಯಿಂದ ಇಳಿಸಿದ ಪೂರಿಯ ಹಾಗೆ ಚಪ್ಪಟೆಯಾಗಿ, ಉಕ್ಕಿನ ರಿಮ್ಮು ನೆಲಕ್ಕೆ ತಾಗುವವರೆಗೆ ಕುಸಿದೆ. ನನ್ನೊಳಗೆ ಗಾಳಿಯೇ ಇರಲಿಲ್ಲ. ಹನ್ನೊಂದು ವರ್ಷದಲ್ಲಿ, ಗಾಳಿ ತುಂಬುವ ವಾಲಿನ ಸಂದಿನಿಂದ ಚೂರುಚೂರೇ ಹೋಗಿಬಿಟ್ಟಿತ್ತು.

ನನ್ನ ಅವಮಾನವನ್ನು ಬರೆಯಲು ಮಾತಿಲ್ಲ. ಕರೆದಾಗ ಬರಬೇಕಾದವನು, ಅದೊಂದೇ ಕೆಲಸಕ್ಕೆ ಹುಟ್ಟಿದವನು, ಕರೆದಾಗ ಕೈಕೊಟ್ಟೆ. ಮೇಷ್ಟ್ರು ಕಾಲಿನಿಂದ ನನ್ನನ್ನು ಒದ್ದರು. "ದರಿದ್ರದ್ದು! ಸುಮ್ಮನೆ ಹೊತ್ಕಂಡು ತಿರುಗಿದ್ದಾಯ್ತು" ಎಂದರು.

ಆಗ ಸುವರ್ಣಮ್ಮ ಒದರಿದರು. ಆಕೆ ಒದರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಅದಕ್ಕ್ಯಾಕೆ ಒದೀತೀರಿ? ಗಾಳಿ ನೋಡ್ರೀ ಅಂತ ನಾನು ಹೇಳಿರ್ಲಿಲ್ವಾ? ಕೋಟೆಗೆ ಎರಡು ಗಂಟೆ, ಕಲ್ಲಿಗೆ ಒಂದು ಗಂಟೆ, ನನಗೆ ಅರ್ಧ ಗಂಟೆ! ಆ ಕಲ್ಲು ಇನ್ನೂ ಸಾವಿರ ವರ್ಷ ಅಲ್ಲೇ ಇರುತ್ತೆ ಕಣ್ರೀ. ನನ್ನ ಕಿವಿ ಇರಲ್ಲ!"

ಮೇಷ್ಟ್ರು ಹಣೆ ಒರೆಸಿಕೊಂಡರು. ಪಟ್ಟಿಯ ಕಾಗದ ಅಂಗಿಯ ಜೇಬಿನಲ್ಲಿ ಬೆವರಿಗೆ ತೊಯ್ದು ಅಂಟಿಕೊಂಡಿತ್ತು. ಆಮೇಲೆ ಜಾಕು ಏರಿಸಿ ನನ್ನನ್ನು ಬಿಚ್ಚಿದರು. ಪಂಕ್ಚರ್ ಹಾಕಿಸುವುದಕ್ಕಿಂತ ನನಗೆ ಗಾಳಿ ತುಂಬಿಸುವುದೇ ಬೇಗ. ಸಾಮಾನನ್ನು ಡಿಕ್ಕಿಗೆ ತುಂಬಿ, ಬೀಗ ಹಾಕಿ, ನನ್ನನ್ನು ನಿಲ್ಲಿಸಿ ಕೈಯಿಂದ ಉರುಳಿಸಿಕೊಂಡು ಹೊರಟರು. ಸುವರ್ಣಮ್ಮ ಸೀರೆಯ ಕವರನ್ನು ಕಂಕುಳಲ್ಲಿಟ್ಟುಕೊಂಡು ಹಿಂದೆ ಬಂದರು. ಯಾಕೆ ತಂದರೋ, ಬಹುಶಃ ಕಾರಿನಲ್ಲಿ ಬಿಡಲು ಮನಸ್ಸಾಗಲಿಲ್ಲ.

ಹೀಗೆ ನಾನು ಮೊದಲ ಬಾರಿಗೆ ನೆಲದ ಮೇಲೆ ನಡೆದೆ. ಕಾರಿನ ಕೆಳಗೆ ಅಲ್ಲ, ಒಬ್ಬ ಬೆವರಿದ ಮುದುಕನ ಕೈಯಡಿಯಲ್ಲಿ, ತಪ್ಪಟ್ ತಪ್ಪಟ್ ಎಂದು. ಆದರೂ ನೋಡಿದೆ. ಬಂಡೆಗಲ್ಲಿನ ಕಾಂಪೌಂಡುಗಳು, ನೆರಳಿನಲ್ಲಿ ನಾಲಿಗೆ ಚಾಚಿದ ನಾಯಿಗಳು, ಅಂಗಡಿ ಮುಂದೆ ಹರಡಿದ ಕೆಂಪು ಮೆಣಸಿನಕಾಯಿ, ಗೋಣಿಯಲ್ಲಿ ಸಿಕ್ಕಿಕೊಂಡ ಹತ್ತಿಯ ಎಳೆ. ಕೋಟೆ ನೋಡದಿದ್ದರೆ ಕತ್ತೆಬಾಲ.

ಗಾಲಿ ಉರುಳಿಸುವ ಕೈಯಲ್ಲಿ ಫೋನು ಹಿಡಿಯಲಾಗುವುದಿಲ್ಲ. ಎರಡು ದಿನದಿಂದ ಯಾರನ್ನೂ ದಾರಿ ಕೇಳದ ಮೇಷ್ಟ್ರು ಈಗ ಕೇಳಲೇಬೇಕಾಯಿತು. ಸೊಪ್ಪು ಮಾರುವ ಹೆಂಗಸು, "ಮುಂದ ಹೋಗಿ ಬಲಕ್ಕ ಹೊಳ್ರಿ, ಖಾಸಿಂಸಾಬನ ಅಂಗಡಿ ಐತಿ" ಎಂದಳು. ಸೈಕಲ್ಲಿನವನೊಬ್ಬ ಇಳಿದು ತಿರುವಿನ ತನಕ ಜೊತೆಗೇ ಬಂದ. ಪ್ರತಿಯೊಬ್ಬರೂ, "ಯಾವೂರ್ರಿ? ಯಾರ ಮನಿಗಿ ಬಂದೀರಿ?" ಎಂದು ಕೇಳಿದರು. ಸುವರ್ಣಮ್ಮ ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಿದರು. ಪ್ರತಿಯೊಬ್ಬರೂ ತಲೆ ಕೆರೆದುಕೊಂಡರು.

ಖಾಸಿಂಸಾಬನದು ಬೇವಿನ ಕೆಳಗಿನ ಪಂಕ್ಚರ್ ಅಂಗಡಿ. ಬಿಳಿ ಗಡ್ಡ, ಕಪ್ಪು ಕೈ. ನನಗೆ ಗಾಳಿ ತುಂಬಿ, ನೀರಿನ ತೊಟ್ಟಿಗೆ ಇಳಿಸಿದ. ವಾಲಿನಿಂದ ಸಣ್ಣ ಗುಳ್ಳೆಗಳು ಎದ್ದವು. ನನ್ನ ಮೈ ಸವರಿ, "ಟೈರ್ ಒಂದಿನಾನೂ ಓಡಿಲ್ಲಲ್ರಿ! ಕೂದ್ಲ ಹಂಗ ಅದಾವ. ಗಾಳಿ ಒಂದು ನೋಡಿಲ್ಲ ನೀವು" ಎಂದ. ಮೇಷ್ಟ್ರು ನೆಲ ನೋಡಿದರು. ನನ್ನ ಪರವಾಗಿ ಒಬ್ಬನಾದರೂ ಮಾತಾಡಿದನಲ್ಲ ಎಂದು ನನಗೆ ಅಳುವಷ್ಟಾಯಿತು.

ವಾಲು ಬದಲಾಯಿಸುತ್ತ ಅವನೂ ಕೇಳಿದ, ಯಾರ ಮನೆಗೆ ಬಂದಿರಿ ಎಂದು. ಸುವರ್ಣಮ್ಮ ಅವನಿಗೂ ಹೇಳಿದರು.

"ಹೆಸ್ರು ಗೊತ್ತಿಲ್ಲ, ಮಕ ನೋಡಿಲ್ಲ" ಎಂದ ಖಾಸಿಂಸಾಬ. "ಹ್ಯಾಂಗ್ ಹುಡುಕ್ತೀರಿ ತಾಯಿ? ಏನರ ಗುರ್ತು ಬೇಕಲ್ರಿ."

ಸುವರ್ಣಮ್ಮ ತಲೆ ಎತ್ತಿ, ತಮ್ಮದಲ್ಲದ ದನಿಯಲ್ಲಿ, ಮೂಗಿನಿಂದ ರಾಗ ಎಳೆಯುತ್ತ ಹೇಳಿದರು: "ಹಾಂ, ಲೈನ್ ಮ್ಯಾಲ ಅದೀನಿ, ಹೇಳ್ರೀ..."

ಖಾಸಿಂಸಾಬನ ಕೈ ನಿಂತಿತು. "ಅಯ್ಯ! ಇದು ನಮ್ಮ ಫೋನ್ ಅಕ್ಕೋರಲ್ಲೇನ್ರಿ? ಈಗೂ ಮೊಬೈಲ್ ಎತ್ತಿದ್ರ ಹಿಂಗ ಅಂತಾರ್ರಿ. ಅವರ ಸ್ಕೂಟರ್ ಗಾಳಿ ನಾನ ಹಾಕ್ತೀನಿ. ವಾರಕ್ಕೊಮ್ಮಿ ತಪ್ಪದ ಬರ್ತಾರ." ಹೇಳುತ್ತಲೇ ಮೇಷ್ಟ್ರ ಕಡೆ ಒಮ್ಮೆ ನೋಡಿದ.

ಅಂಗಿಗೆ ಕೈ ಒರೆಸಿಕೊಂಡು, ಮೊಬೈಲು ಒತ್ತಿ, ಸುವರ್ಣಮ್ಮನಿಗೆ ಕೊಟ್ಟ. ಆಕೆ ಅದನ್ನು ಎಡಗಿವಿಗೆ ಒತ್ತಿ ಹಿಡಿದರು. ನಾನು ತೊಟ್ಟಿಯ ಪಕ್ಕ ಒರಗಿದ್ದೆ, ಆ ಕಡೆಯ ದನಿ ನನಗೂ ಸ್ಪಷ್ಟವಾಗಿ ಕೇಳಿಸಿತು.

"ಹಾಂ ಖಾಸಿಂಸಾಬ, ಲೈನ್ ಮ್ಯಾಲ ಅದೀನಿ, ಹೇಳು."

ಸುವರ್ಣಮ್ಮ ಎರಡು ಸಲ ಬಾಯಿ ತೆರೆದರು. ಮೂರನೆಯ ಸಲ, "ರಾಯಚೂರು..." ಎಂದರು.

ಆ ಕಡೆ ಸದ್ದಿಲ್ಲ. ಎಷ್ಟು ಹೊತ್ತು ಎಂದರೆ ಮೇಷ್ಟ್ರು ಲೈನು ಕಟ್ಟಾಯಿತೆಂದು ಕೈ ಚಾಚಿದರು. ಆಮೇಲೆ ಆ ದನಿ ನಿಧಾನವಾಗಿ ಬಂತು.

"ದಾವಣಗೆರೆ?"

"ಹೂಂ. ಒಂದು ಕಾಲ್ ಹಾಕಿ ಬರ್ತೀನಿ ಅಂದು ಹೋದ್ಯಲ್ಲೇ. ಎಷ್ಟೊತ್ತು ಕಾಯೋದು?"

ಅದಕ್ಕೆ ಆಕೆ ನಕ್ಕಳು. ಆ ನಗುವಿನ ಬಗ್ಗೆ ವರ್ಷಗಟ್ಟಲೆ ಕೇಳಿದ್ದೆ. ಸುವರ್ಣಮ್ಮ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಹತ್ತೇ ನಿಮಿಷದಲ್ಲಿ ಸ್ಕೂಟರ್ ಬಂತು. ಇಳಿದವಳು ಕುಳ್ಳಗಿನ, ದಪ್ಪ ಕನ್ನಡಕದ ಹೆಂಗಸು, ಒಂದು ಕಾಲಲ್ಲಿ ಒಂದು ಚಪ್ಪಲಿ, ಇನ್ನೊಂದರಲ್ಲಿ ಇನ್ನೊಂದು ಜೊತೆಯದು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಗುರುತು ಸಿಗಲಿಲ್ಲ. ಸಿಗುವುದಾದರೂ ಹೇಗೆ? ಕೊನೆಗೆ ಸುವರ್ಣಮ್ಮ ಕಣ್ಣು ಮುಚ್ಚಿ, "ಮಾತಾಡೇ" ಎಂದರು. ಆಕೆ ಮಾತಾಡಿದಳು. ಇವರು ಕಣ್ಣು ಮುಚ್ಚಿಯೇ ಹೋಗಿ ಅಪ್ಪಿಕೊಂಡರು. ಸೀರೆಯ ಕವರು ಇಬ್ಬರ ನಡುವೆ ಸಿಕ್ಕಿಕೊಂಡಿತು.

ಮೇಷ್ಟ್ರು ಜೇಬಿನ ಪಟ್ಟಿಯನ್ನು ತೆಗೆದು, ಅದರಿಂದ ಕೈಯ ಕಪ್ಪು ಒರೆಸಿಕೊಂಡು, ಮುದ್ದೆ ಮಾಡಿ ಎಸೆದರು. ನನಗೆ ಒಂದು ಯೋಚನೆ ಬಂತು. ನನ್ನೊಳಗೆ ಗಾಳಿ ಇದ್ದಿದ್ದರೆ ಹತ್ತು ನಿಮಿಷದಲ್ಲಿ ಗಾಲಿ ಬದಲಾಯಿಸಿ, ಹನ್ನೊಂದಕ್ಕೆ ಸರಿಯಾಗಿ ಊರ ದಾರಿ ಹಿಡಿಯುತ್ತಿದ್ದರು. ಹಾಗೆಂದು ನನ್ನ ಅವಮಾನ ಕಡಿಮೆಯಾಗಲಿಲ್ಲ. ಕೆಲಸಕ್ಕೆ ಬಾರದೆ ಉಪಕಾರ ಮಾಡುವುದು ಯಾವ ಗಾಲಿಗೂ ಹಿಡಿಸುವ ಮಾತಲ್ಲ.

ನನ್ನನ್ನು ಕಾರಿಗೆ ಹಾಕಿದರು. ಈ ಸಲ ಕುಸಿಯಲಿಲ್ಲ. ಕ್ವಾರ್ಟರ್ಸಿನಿಂದ ಆಕೆಯ ಮನೆಗೆ ಮೂರು ಕಿಲೋಮೀಟರು. ಆ ಮೂರು ಕಿಲೋಮೀಟರು ನಾನು ಓಡಿದೆ! ಡಾಂಬರು ಸುಡುತ್ತಿತ್ತು, ಕಲ್ಲು ಚುಚ್ಚುತ್ತಿತ್ತು, ಹುಟ್ಟುಗೂದಲು ಒಂದಿಷ್ಟು ಉದುರಿತು. ಇನ್ನೂ ದೂರವಿರಲಿ ಎಂದು ಬೇಡಿಕೊಂಡೆ. ಅಷ್ಟರಲ್ಲಿ ಮನೆ ಬಂತು. ಅಲ್ಲಿ ಸಂಜೆಯವರೆಗೆ ಕೂತರು. ಅಷ್ಟರೊಳಗೆ ಖಾಸಿಂಸಾಬ, ಬರುವಾಗ ಅವನ ಅಂಗಡಿಯಲ್ಲಿ ಇಳಿಸಿದ್ದ ಗಾಲಿಗೆ ಪಂಕ್ಚರ್ ಹಾಕಿ ಅಲ್ಲಿಗೇ ಕಳಿಸಿಕೊಟ್ಟ. ಮೇಷ್ಟ್ರು ಅದನ್ನು ಹಾಕಿ ನನ್ನನ್ನು ಮತ್ತೆ ಗುಂಡಿಗೆ ಇಳಿಸಿದರು. ಇಡೀ ಬಾಳಿನಲ್ಲಿ ನನ್ನ ಓಟ ಮೂರು ಕಿಲೋಮೀಟರು.

ಆ ಮೇಲಿನ ಭಾನುವಾರದಿಂದ ಮೇಷ್ಟ್ರು ಮೀಟರು ಹಿಡಿದು ಬಂದರೆ ಮೊದಲು ಎತ್ತುವುದು ನನ್ನ ಹಲಗೆ. ವಾರವಾರ ನನಗೇ ಮೊದಲ ಗಾಳಿ. ಅದಾದ ಮೇಲೆ ಒಂದು ಪಂಕ್ಚರೂ ಆಗಲಿಲ್ಲ. ನಾನು ತಯಾರಾಗಿದ್ದೇ ನಾಲ್ಕು ವರ್ಷ ಕಳೆಯಿತು. ನೋಡಿ ನನ್ನ ಹಣೆಬರಹ.

ಈಗ ಕಾರು ಓಡುವುದಿಲ್ಲ. ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಂತಿದೆ. ನನ್ನ ಮೈಯಲ್ಲಿ ಸಣ್ಣ ಬಿರುಕುಗಳು ಬಿದ್ದಿವೆ. ಸುವರ್ಣಮ್ಮನ ಎಡಗಿವಿ ರಾಯಚೂರಿನಿಂದ ಬಂದ ಮೇಲೆ ಏಳು ತಿಂಗಳು ನಡೆಯಿತು. ಆ ಏಳು ತಿಂಗಳೂ ದಿನಾ ಸಂಜೆ ಗೆಳತಿಯರಿಬ್ಬರೂ ಫೋನಿನಲ್ಲಿ ಮಾತಾಡಿದರು. ಈಗ ಪೂರ್ತಿ ಹೋಗಿದೆ.

ಆದರೂ ಭಾನುವಾರ ನಾಲ್ಕಕ್ಕೆ ಫೋನು ತಪ್ಪುವುದಿಲ್ಲ. ಮನೆಯ ಮಗ್ಗುಲಲ್ಲೇ ಹಿಟ್ಟಿನ ಗಿರಣಿ ಇರುವುದರಿಂದ ಗಂಡಹೆಂಡತಿ ಇಬ್ಬರೂ ಈ ಕಾರಿನ ಹಿಂದಿನ ಸೀಟಿನಲ್ಲಿ ಗಾಜು ಏರಿಸಿ ಕೂರುತ್ತಾರೆ. ಫೋನಿನಲ್ಲಿ ರಾಯಚೂರಿನ ಆಕೆಯ ಮುಖ ಕಾಣುತ್ತದೆ. ಆಕೆ ಹೇಳುವುದನ್ನು ಮೇಷ್ಟ್ರು ಕೇಳಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಸುವರ್ಣಮ್ಮ ಅದನ್ನು ಗಟ್ಟಿಯಾಗಿ ಓದಿಕೊಂಡು ಉತ್ತರ ಕೊಡುತ್ತಾರೆ. ಒಟ್ಟಿನಲ್ಲಿ ಮೇಷ್ಟ್ರು ಈಗ ಆಪರೇಟರ್.

ಎಂಥ ಕೆಟ್ಟ ಆಪರೇಟರ್! ಆಕೆ ಐದು ನಿಮಿಷ ಸೊಸೆಯ ಅಡುಗೆಯ ಕಥೆ ಹೇಳಿದರೆ ಇವರು 'ಸೊಸೆ ಕ್ಷೇಮ' ಎಂದು ಬರೆಯುತ್ತಾರೆ. ಜೋಕುಗಳನ್ನಂತೂ ಪೂರ್ತಿ ಬಿಡುತ್ತಾರೆ. ಇತ್ತ ನನಗೆ ಒಂದೊಂದು ಮಾತೂ ಕೇಳಿಸುತ್ತದೆ. ಹಲಗೆಯಡಿ ಮಲಗಿ ಹಲ್ಲು ಕಡಿಯುತ್ತೇನೆ. ಹೇಳೋಣವೆಂದರೆ ಬಾಯಿಲ್ಲ.

ಕಳೆದ ಭಾನುವಾರ ಆಕೆ ಏನೋ ಹೇಳುತ್ತ ಹೇಳುತ್ತ ಜೋರಾಗಿ ನಕ್ಕಳು. ಮೇಷ್ಟ್ರ ಪೆನ್ನು ಒಂದು ಸಲ ಕೆರೆದು ನಿಂತಿತು.

"'ನಕ್ಕಳು'" ಎಂದು ಓದಿದರು ಸುವರ್ಣಮ್ಮ. ಆಮೇಲೆ, "ಅದು ಮುಖ ನೋಡಿದ್ರೆ ಗೊತ್ತಾಗುತ್ತಲ್ರೀ. ಹೆಂಗ್ ನಕ್ಕಳು?"

ಮೇಷ್ಟ್ರು ನೋಟ್‌ಬುಕ್ಕಿನ ಹಾಳೆ ತಿರುವಿದರು. ಆ ಕಡೆಯಿಂದ, "ದಾವಣಗೆರೆ, ಅದೀಯೇನು?" ಎಂದು ಆಕೆ ಎರಡು ಸಲ ಕೇಳಿದಳು. ಕೊನೆಗೆ ಪೆನ್ನು ಕಾಗದದ ಮೇಲೆ ಓಡತೊಡಗಿತು. ಇಷ್ಟು ಉದ್ದಕ್ಕೆ ಅವರು ಯಾವತ್ತೂ ಬರೆದಿರಲಿಲ್ಲ.

ಸುವರ್ಣಮ್ಮ ನಿಧಾನವಾಗಿ ಓದಿದರು. "'ಮೊದಲು ಸಣ್ಣಗೆ, ಮೂಗಿನಲ್ಲಿ. ಆಮೇಲೆ ಗಂಟಲಿಂದ, ಕೊಡದಿಂದ ನೀರು ಸುರಿದ ಹಾಗೆ. ನಡುವೆ ಅಯ್ಯಯ್ಯೋ ಅಂದಳು. ಕೊನೆಗೆ ಕೆಮ್ಮು ಬಂತು. ಕೆಮ್ಮುತ್ತಲೇ ನಕ್ಕಳು.'"

ಓದಿ ಮುಗಿಯಿತು. ಸೀಟು ಸಣ್ಣಗೆ ಅಲುಗುತ್ತಿತ್ತು. "ಅದೇ ಕಣ್ರೀ" ಎಂದರು ಆಮೇಲೆ. "ಅದೇ ನಗು. ಕೇಳಿಸ್ತು."

ಮೇಷ್ಟ್ರು ಒಂದು ತಪ್ಪು ಮಾಡಿದ್ದರು. ಕೆಮ್ಮು ಎರಡು ಸಲ ಬಂದಿತ್ತು. ಹೋಗಲಿ, ಅದೊಂದನ್ನು ನಾನು ಬಿಟ್ಟುಬಿಟ್ಟೆ.